ರಟ್ಟಿನ ಡಬ್ಬದಲ್ಲಿ ಮಂಜಿನ ಬೆಟ್ಟ: ಕೊಡಗಿನ ಮಳೆಗಾಲಕ್ಕೂ ಬಾಳುವ ಮನೆ ದೀಪ

ಕೊಡಗಿನ ಮನೆಗಳಲ್ಲಿ ಈಗ ರಟ್ಟಿಗೆ ಬರವಿಲ್ಲ. ಮಿಕ್ಸಿ, ಶೂ, ತೋಟಕ್ಕೆ ತರಿಸಿದ ಸ್ಪ್ರೇಯರ್, ಎಲ್ಲವೂ ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆಯಾಗಿ ಬರುತ್ತವೆ. ಹೋಮ್‌ಸ್ಟೇ ನಡೆಸುವವರ ಮನೆ ಹಿಂದೆಯಂತೂ ಜ್ಯೂಸ್ ಡಬ್ಬ, ಬೇಕರಿ ಡಬ್ಬ, ಫೋಮ್ ಹಾಳೆ ರಾಶಿ ಬಿದ್ದಿರುತ್ತವೆ. ಬಹಳ ಕಡೆ ಇದೆಲ್ಲ ಕೊನೆಗೆ ಹಂಡೆ ಒಲೆಗೆ ಹೋಗುತ್ತದೆ. ರಟ್ಟು ಉರಿದರೆ ಉರಿಯಲಿ, ಆದರೆ ಅದರ ಜೊತೆ ಫೋಮ್ ಮತ್ತು ಪ್ಲಾಸ್ಟಿಕ್ ಉರಿದ ಹೊಗೆ ಮನೆಯವರ ಎದೆಗೇ ಹೋಗುತ್ತದೆ.

ಇದೇ ಸಾಮಾನಿನಿಂದ ಒಂದು ಚಂದದ ದೀಪ ಮಾಡಬಹುದು. ಓದುವುದಕ್ಕಲ್ಲ, ಸಂಜೆ ಹೊತ್ತು ಕೋಣೆಯ ಮೂಲೆಯಲ್ಲಿ ಮೆತ್ತಗೆ ಉರಿಯುವ ದೀಪ. ಮೂಡ್ ಲ್ಯಾಂಪ್ ಅಂತಾರಲ್ಲ, ಅದೇ. ರಟ್ಟಿನ ದೀಪ ಮಾಡುವ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವು ಒಣ ಊರಿನವರಿಗೆ ಸರಿ. ನಮ್ಮಲ್ಲಿ ಅದೇ ದೀಪ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬಗ್ಗಿ, ಬೂಷ್ಟು ಹಿಡಿದು, ಉಳಿದದ್ದನ್ನು ಜಿರಳೆ ತಿಂದು ಹೋಗುತ್ತದೆ. ಅದಕ್ಕೇ ಇಲ್ಲಿ ದೀಪದ ಅಂದಕ್ಕೆ ಎಷ್ಟು ಗಮನವೋ, ತೇವ ತಡೆಯುವುದಕ್ಕೂ ಅಷ್ಟೇ ಗಮನ ಕೊಟ್ಟಿದ್ದೇನೆ. ಇನ್ನೊಂದು ವಿಷಯ ಕರೆಂಟ್. ಮರ ಲೈನ್ ಮೇಲೆ ಬಿದ್ದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಅಲ್ವಾ? ಪವರ್ ಬ್ಯಾಂಕ್‌ನಲ್ಲಿ ಉರಿಯುವ ದೀಪವಾದರೆ ಆಗಲೂ ಬಳಸಬಹುದು.

ನಾವು ಮಾಡುವುದು ಒಂದರ ಹಿಂದೆ ಒಂದು ನಿಂತ ಬೆಟ್ಟಗಳ ದೀಪ. ಮಡಿಕೇರಿಯ ರಾಜಾಸೀಟ್‌ನಲ್ಲಿ ಸಂಜೆ ನಿಂತು ಪಶ್ಚಿಮಕ್ಕೆ ನೋಡಿದರೆ ಹತ್ತಿರದ ಬೆಟ್ಟ ಕಪ್ಪಗೆ, ಅದರ ಹಿಂದಿನದು ಬೂದು, ಅದಕ್ಕೂ ಹಿಂದಿನದು ಮಂಜಿನ ಬಣ್ಣ. ಇದನ್ನು ಕಾಗದದಲ್ಲಿ ತರುವುದು ಅಂದುಕೊಂಡಷ್ಟು ಕಷ್ಟವಲ್ಲ. ಬಣ್ಣವೂ ಬೇಕಿಲ್ಲ, ಚಿತ್ರ ಬಿಡಿಸಲು ಬರಬೇಕು ಅಂತಲೂ ಇಲ್ಲ.

ಮೊದಲು ಬೆಳಕಿನ ವಿಷಯ

ರಟ್ಟಿನ ಒಳಗೆ 230 ವೋಲ್ಟ್ ತಂತಿ ಹೋಗಬಾರದು. ಇದು ಮೊದಲ ಮಾತು, ಇದರಲ್ಲಿ ರಿಯಾಯಿತಿ ಇಲ್ಲ. ಮನೆಯಲ್ಲಿರುವ ಹಳೆ ಗುಂಡು ಬಲ್ಬ್ ಎಳೆದುಕೊಳ್ಳುವ ಕರೆಂಟಿನ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಹಳೆ ಜೀರೋ ಬಲ್ಬ್ ಕೂಡ 12ರಿಂದ 15 ವ್ಯಾಟ್ ಎಳೆಯುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಅದನ್ನು ಮುಚ್ಚಿದ ಡಬ್ಬದಲ್ಲಿ ಇಟ್ಟು ಮಲಗುವಂತಿಲ್ಲ. ದೀಪಾವಳಿಗೆ ತಂದ, ನೇರವಾಗಿ ಸ್ವಿಚ್‌ಗೆ ಹಾಕುವ ಸೀರಿಯಲ್ ಸೆಟ್ ಕೂಡ ಬೇಡ. ಮೋಂಬತ್ತಿಯ ಮಾತಂತೂ ಬೇಡವೇ ಬೇಡ.

ಬೇಕಾಗಿರುವುದು 5 ವೋಲ್ಟ್‌ನ ಯುಎಸ್‌ಬಿ ಎಲ್‌ಇಡಿ ಸರ. ತೆಳು ತಾಮ್ರದ ತಂತಿಗೆ ಅಕ್ಕಿಕಾಳಿನಂಥ ಬಲ್ಬ್‌ಗಳಿರುತ್ತವಲ್ಲ, ಅದೇ ಸಾಕು. ಫ್ಯಾನ್ಸಿ ಅಂಗಡಿಯಲ್ಲೂ ಸಿಗುತ್ತದೆ, ಎಲೆಕ್ಟ್ರಿಕ್ ಅಂಗಡಿಯಲ್ಲೂ ಸಿಗುತ್ತದೆ. ಕೊಳ್ಳುವಾಗ ಎರಡು ವಿಷಯ ನೋಡಿ. ಬೆಳಕು ವಾರ್ಮ್ ವೈಟ್ ಆಗಿರಲಿ. ಪೊಟ್ಟಣದ ಮೇಲೆ 2700ರಿಂದ 3000 ಕೆಲ್ವಿನ್ ಅಂತ ಇದ್ದರೆ ಅದು ಹಳದಿ ಬೆಳಕು. 6500 ಅಂತ ಇದ್ದರೆ ಟ್ಯೂಬ್‌ಲೈಟಿನ ಬಿಳಿ ಬೆಳಕು, ರಾತ್ರಿ ಕಣ್ಣಿಗೆ ಹಿತವಲ್ಲ. ಎರಡನೆಯದು, ಗುಂಡಿಯಂಥ ಸಣ್ಣ ಬ್ಯಾಟರಿ ಹಾಕುವ ಸರ ತರಬೇಡಿ. ಚಿಕ್ಕ ಮಕ್ಕಳು ಆ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗುತ್ತದೆ. ಮಕ್ಕಳಿರುವ ಮನೆಗೆ ಅದು ಬರಲೇಬಾರದು.

ಇಂಥ ಸರ ಸುಮಾರು 2 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 0.3 ಯೂನಿಟ್. ಬಿಲ್ಲಿನಲ್ಲಿ ಗೊತ್ತೇ ಆಗುವುದಿಲ್ಲ. 10000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ 37 ವ್ಯಾಟ್ ಅವರ್ ಶಕ್ತಿ ಇರುತ್ತದೆ. ಅದರಲ್ಲಿ ಸ್ವಲ್ಪ ಸೋರಿಹೋದರೂ 12 ಗಂಟೆಗೆ ಮೋಸವಿಲ್ಲ. ಒಂದು ತೊಂದರೆ ಮಾತ್ರ ಉಂಟು. ಕೆಲವು ಪವರ್ ಬ್ಯಾಂಕ್‌ಗಳು ಕಡಿಮೆ ಕರೆಂಟ್ ಎಳೆಯುವ ವಸ್ತು ಹಾಕಿದರೆ ಫೋನ್ ಚಾರ್ಜ್ ಮುಗಿಯಿತು ಅಂತ ತಿಳಿದು ತಾವೇ ಆಫ್ ಆಗುತ್ತವೆ. ಸರ ಕೊಳ್ಳುವಾಗ ನಿಮ್ಮ ಪವರ್ ಬ್ಯಾಂಕ್ ಒಯ್ದು ಅಂಗಡಿಯಲ್ಲೇ ಐದು ನಿಮಿಷ ಹಚ್ಚಿ ನೋಡಿ. ಆಮೇಲೆ ತಲೆಬಿಸಿ ಇರುವುದಿಲ್ಲ.

ಮನೆಯಿಂದ ಹುಡುಕಿ ತೆಗೆಯಬೇಕಾದ್ದು

ಒಂದು ಶೂ ಡಬ್ಬ, ಮುಚ್ಚಳ ಸಮೇತ. ದೊಡ್ಡವರ ಶೂ ಡಬ್ಬ ಸುಮಾರು 33 ಸೆಂಟಿಮೀಟರ್ ಉದ್ದ, 20 ಅಗಲ, 12 ಆಳ ಇರುತ್ತದೆ, ಅದು ಹೇಳಿ ಮಾಡಿಸಿದ ಅಳತೆ. ಬೇರೆ ರಟ್ಟಿನ ಡಬ್ಬವಾದರೂ ಆದೀತು, ಆದರೆ ಆಳ 10 ಸೆಂಟಿಮೀಟರ್‌ಗಿಂತ ಕಡಿಮೆ ಬೇಡ. ಮೂರು ಜ್ಯೂಸ್ ಅಥವಾ ಹಾಲಿನ ಟೆಟ್ರಾ ಪ್ಯಾಕ್. ಟಿವಿ, ಮಿಕ್ಸಿ ಸುತ್ತಿ ಬರುವ ಬಿಳಿ ತೆಳು ಫೋಮ್ ಹಾಳೆ ಒಂದು. ಥರ್ಮಾಕೋಲ್ ಅಲ್ಲ, ಬಟ್ಟೆಯಂತೆ ಮಡಚಬಹುದಾದ ಹಾಳೆ. ಬೆಟ್ಟಗಳಿಗೆ ಬಟರ್ ಪೇಪರ್, ಇಲ್ಲವೇ ಹೊಸ ಶೂ, ಹೊಸ ಶರ್ಟ್ ಸುತ್ತಿದ ತೆಳು ಬಿಳಿ ಕಾಗದ. ಎಣ್ಣೆ ಜಿಡ್ಡು ಹಿಡಿದ ಬೇಕರಿ ಕಾಗದ ಬೇಡ, ಇರುವೆ ಬರುತ್ತದೆ. ಟೂತ್‌ಪೇಸ್ಟ್, ಮಾತ್ರೆ ಡಬ್ಬದಂಥ ತೆಳು ರಟ್ಟು ಸ್ವಲ್ಪ, ಅಗಲವಾದದ್ದು ಒಂದಾದರೂ ಇರಲಿ. ಹರಿದ ಕಾಫಿ ಗೋಣಿಯ ಒಂದು ತುಂಡು.

ಕಟ್ಟರ್, ಸ್ಕೇಲ್, ಪೆನ್ಸಿಲ್, ಸ್ಟೇಪ್ಲರ್, ಅಗಲ ಪ್ಯಾಕಿಂಗ್ ಟೇಪ್, ಮರಕ್ಕೆ ಹೊಡೆಯುವ ವಾರ್ನಿಶ್ ಸ್ವಲ್ಪ. ಅಂಟು ಮಾತ್ರ ಮನೆಯಲ್ಲೇ ಮಾಡಿಕೊಳ್ಳೋಣ.

ಅಂಟು, ಅದರಲ್ಲಿ ಒಂದು ಚಿಟಿಕೆ ಮೈಲುತುತ್ತ

ಕಾಗದಕ್ಕೆ ಮೈದಾ ಅಂಟಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ತಪ್ಪಿ ಅಂಟಿಸಿದರೆ ಒದ್ದೆ ಮಾಡಿ ಬಿಡಿಸಬಹುದು. ಆದರೆ ಮೈದಾ ಅಂದರೆ ಬೂಷ್ಟಿಗೂ ಜಿರಳೆಗೂ ಊಟ. ಪುಸ್ತಕ ಬೈಂಡಿಂಗ್ ಮಾಡುವವರು ಹಿಂದಿನಿಂದಲೂ ಇದಕ್ಕೆ ಒಂದು ಉಪಾಯ ಮಾಡಿಕೊಂಡು ಬಂದಿದ್ದಾರೆ. ಅಂಟಿಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಬೆರೆಸುವುದು. ಕೊಡಗಿನಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾಫಿಗೂ ಕಾಳುಮೆಣಸಿಗೂ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವ ಪ್ರತಿ ಮನೆಯಲ್ಲೂ ಇರುತ್ತದೆ. ಎಲೆ ಮೇಲಿನ ಶಿಲೀಂಧ್ರವನ್ನು ತಡೆಯುವ ತಾಮ್ರವೇ ಅಂಟಿನಲ್ಲೂ ಕೆಲಸ ಮಾಡುತ್ತದೆ.

ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಗಂಜಿಯಂತೆ ಮಂದ ಹೊಳಪು ಬಂದಾಗ ಇಳಿಸಿ ಆರಲು ಬಿಡಿ. ಪೂರ್ತಿ ಆರಿದ ಮೇಲೆ ಹಳೆ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿಯಿರಿ. ಬೇರೆ ಪ್ಲಾಸ್ಟಿಕ್ ಲೋಟದಲ್ಲಿ ಒಂದು ಚಿಟಿಕೆ ಮೈಲುತುತ್ತವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಅದಕ್ಕೆ ಸೇರಿಸಿ. ಮೈಲುತುತ್ತ ಹಾಕಿದ ಮೇಲೆ ಅಂಟು ಅಡುಗೆ ಪಾತ್ರೆಗೆ ಮತ್ತೆ ಹೋಗಬಾರದು. ಅದು ವಿಷ, ಜೊತೆಗೆ ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯನ್ನು ತಿಂದುಹಾಕುತ್ತದೆ. ಈ ಕೆಲಸ ದೊಡ್ಡವರೇ ಮಾಡಿ, ಕೈಗವಸು ಹಾಕಿಕೊಳ್ಳಿ, ಉಳಿದದ್ದನ್ನು ಮಕ್ಕಳಿಗೆ ಸಿಗದಂತೆ ಇಡಿ. ಮೈಲುತುತ್ತ ಬೇಡ ಅನ್ನುವವರು ಫೆವಿಕಾಲ್ ಬಳಸಿ. ಅದರಲ್ಲಿ ನೀರು ತಡೆಯುವ ಮೆರೈನ್ ಅನ್ನುವುದು ಬೇರೆಯೇ ಬರುತ್ತದೆ, ನಮ್ಮ ಹವೆಗೆ ಅದು ಒಳ್ಳೆಯದು.

ಡಬ್ಬದ ಕೆಲಸ

ಕೆಲಸ ಶುರು ಮಾಡುವ ಮೊದಲು ರಟ್ಟು ಗರಿಗರಿಯಾಗಿ ಒಣಗಿರಬೇಕು. ಡಿಸೆಂಬರ್‌ನಿಂದ ಫೆಬ್ರವರಿ ಇದಕ್ಕೆ ಒಳ್ಳೆಯ ಕಾಲ. ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಎರಡು ದಿನ ಹರಡಿದರೆ ಸಾಕು. ಮಳೆಗಾಲದಲ್ಲೇ ಮಾಡುವುದಾದರೆ ಒಲೆ ಮೇಲಿನ ಅಟ್ಟದಲ್ಲಿ, ಬೆಂಕಿಯ ಕಿಡಿ ತಾಗದಷ್ಟು ಎತ್ತರದಲ್ಲಿ, ಎರಡು ಮೂರು ದಿನ ಇಡಿ. ತೇವದ ರಟ್ಟಿಗೆ ವಾರ್ನಿಶ್ ಹೊಡೆದರೆ ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಡಬ್ಬದ ತಳವೇ ದೀಪದ ಮುಖ, ಮುಚ್ಚಳವೇ ದೀಪದ ಬೆನ್ನು. ಉದ್ದದ ಪಕ್ಕದ ಮೇಲೆ ನಿಲ್ಲಿಸಿ ನೋಡಿ, ಗೊತ್ತಾಗುತ್ತದೆ. ತಳದ ನಾಲ್ಕೂ ಕಡೆ 2 ಸೆಂಟಿಮೀಟರ್ ಅಂಚು ಬಿಟ್ಟು ಗೆರೆ ಎಳೆದು, ಸ್ಕೇಲ್ ಒತ್ತಿ ಹಿಡಿದು ಕಟ್ಟರ್‌ನಿಂದ ಕತ್ತರಿಸಿ. ಒಂದೇ ಸಲ ಜೋರಾಗಿ ಒತ್ತಬೇಡಿ. ಮೆಲ್ಲಗೆ ಮೂರು ನಾಲ್ಕು ಸಲ ಎಳೆದರೆ ಅಂಚು ನೀಟಾಗಿ ಬರುತ್ತದೆ, ಬೆರಳೂ ಉಳಿಯುತ್ತದೆ.

ಈಗ ಆ ಕತ್ತರಿಸಿದ ಅಂಚನ್ನು ಹತ್ತಿರದಿಂದ ನೋಡಿ. ದಪ್ಪ ಕಾರ್ಟನ್ ಆದರೆ ಎರಡು ಹಾಳೆಗಳ ನಡುವೆ ಅಲೆ ಅಲೆಯಾದ ಕಾಗದ, ಅದರಲ್ಲಿ ಸಾಲು ಸಾಲು ತೂತು ಕಾಣುತ್ತದೆ. ರಟ್ಟು ತೇವ ಕುಡಿಯುವುದು ಹೆಚ್ಚಾಗಿ ಇಲ್ಲಿಂದಲೇ. ಮೇಲಿನ ನುಣ್ಣನೆಯ ಮುಖಕ್ಕೆ ಎಷ್ಟು ವಾರ್ನಿಶ್ ಹೊಡೆದರೂ ಈ ಅಂಚು ತೆರೆದಿದ್ದರೆ ಪ್ರಯೋಜನವಿಲ್ಲ. ತೆಳು ಕಾಗದದ ಪಟ್ಟಿ ಕತ್ತರಿಸಿ, ಅಂಟು ಹಚ್ಚಿ, ಅಂಚನ್ನು ಎರಡೂ ಕಡೆಯಿಂದ ಮುಚ್ಚುವಂತೆ ಮಡಚಿ ಅಂಟಿಸಿ. ಮುಚ್ಚಳದ ಅಂಚಿಗೂ ಹೀಗೇ ಮಾಡಿ. ಒಣಗಿದ ಮೇಲೆ ಡಬ್ಬದ ಒಳಗೂ ಹೊರಗೂ ಒಂದೊಂದು ಕೈ ವಾರ್ನಿಶ್, ಅಂಚುಗಳಿಗೆ ಎರಡು ಕೈ. ಕಿಟಕಿ ತೆರೆದಿಟ್ಟು ಹೊಡೆಯಿರಿ, ವಾಸನೆ ಪೂರ್ತಿ ಹೋಗುವವರೆಗೆ ದೀಪ ಹಚ್ಚಬೇಡಿ. ಬಿಸಿಲಿಲ್ಲದ ದಿನಗಳಲ್ಲಿ ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ, ಅವಸರ ಮಾಡಬೇಡಿ.

ಬೆನ್ನಿಗೆ ಬೆಳ್ಳಿ ಹಾಳೆ, ಅದರ ಮೇಲೆ ಸರ

ಟೆಟ್ರಾ ಪ್ಯಾಕನ್ನು ಬಿಡಿಸಿ, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಒಳಗಿನ ಬೆಳ್ಳಿ ಮುಖ ಬೆಳಕನ್ನು ಮುಂದಕ್ಕೆ ತಳ್ಳುತ್ತದೆ, ಕಡಿಮೆ ಬಲ್ಬಿನಲ್ಲೇ ದೀಪ ತುಂಬಿ ಕಾಣುತ್ತದೆ. ಈ ಹಾಳೆಯಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಒಂದರ ಮೇಲೊಂದು ಪದರವಾಗಿವೆ. ಎರಡೂ ಮುಖದಲ್ಲಿ ಪ್ಲಾಸ್ಟಿಕ್ ಇರುವುದರಿಂದ ಅಂಟು ಹಿಡಿಯುವುದಿಲ್ಲ. ಬೆಳ್ಳಿ ಮುಖ ಮೇಲೆ ಬರುವಂತೆ ಮುಚ್ಚಳದ ಒಳಗಿಟ್ಟು ಸ್ಟೇಪಲ್ ಮಾಡಿ. ಪಿನ್ನಿನ ಮೇಲೆಲ್ಲ ಟೇಪ್ ಅಂಟಿಸಿ. ಅಲ್ಯೂಮಿನಿಯಂನಲ್ಲೂ ಪಿನ್ನಿನಲ್ಲೂ ಕರೆಂಟ್ ಹರಿಯುತ್ತದೆ. ತಂತಿಯ ಮೇಲಿನ ತೆಳು ಲೇಪ ಪಿನ್ನಿಗೆ ತಾಗಿ ಕೆರೆದರೆ ಶಾರ್ಟ್ ಆಗಬಹುದು.

ಸರವನ್ನು ಬೆಳ್ಳಿ ಹಾಳೆಯ ಮೇಲೆ ಹಾವಿನ ನಡಿಗೆಯಂತೆ ಹಾಯಿಸಿ, ಸಾಲಿನಿಂದ ಸಾಲಿಗೆ 4-5 ಸೆಂಟಿಮೀಟರ್ ಅಂತರ ಇರಲಿ. ಅಲ್ಲಲ್ಲಿ ಟೇಪ್ ಹಾಕಿ ಕೂರಿಸಿ. ಉದ್ದ ಜಾಸ್ತಿ ಆಯಿತು ಅಂತ ಸುಮ್ನೆ ಸುರುಳಿ ಸುತ್ತಿ ಮೂಲೆಗೆ ತುರುಕಬೇಡಿ, ಅಲ್ಲಿ ಬಿಸಿ ಸೇರಿಕೊಳ್ಳುತ್ತದೆ. ವೈರ್ ಹೊರಗೆ ಬರಲು ಮುಚ್ಚಳದ ಕೆಳಗಿನ ಅಂಚಿನಲ್ಲಿ ಒಂದು ತೂತು ಮಾಡಿ. ಬಲ್ಬುಗಳ ಹಿಂದೆ ಬೀಳದಂತೆ ಮುಚ್ಚಳದ ಮೇಲಂಚಿಗೂ ಕೆಳಂಚಿಗೂ ನಾಲ್ಕು ನಾಲ್ಕು ಪೆನ್ಸಿಲ್ ಗಾತ್ರದ ತೂತು ಮಾಡಿ. ಕೆಳಗಿನಿಂದ ತಂಪು ಗಾಳಿ ಒಳಗೆ ಬಂದು, ಬೆಚ್ಚಗಾಗಿ ಮೇಲಿನಿಂದ ಹೋಗುತ್ತದೆ. ಒಳಗೆ ತೇವ ನಿಲ್ಲದಿರಲೂ ಇದೇ ದಾರಿ. ಪವರ್ ಬ್ಯಾಂಕ್ ಆಗಲಿ, ಚಾರ್ಜರ್ ಆಗಲಿ ಯಾವಾಗಲೂ ಡಬ್ಬದ ಹೊರಗೇ ಇರಬೇಕು.

ಬೆಟ್ಟಗಳು

ಇಲ್ಲಿ ಸಮಯ ಕೊಡಿ. ದೀಪದ ಚಂದವೆಲ್ಲ ಇದರಲ್ಲೇ ಇದೆ.

ಸೂತ್ರ ಇಷ್ಟೇ. ತೆಳು ಕಾಗದ ಒಂದು ಪದರ ಇದ್ದರೆ ಬೆಳಕು ಸುಮಾರಾಗಿ ಎಲ್ಲ ದಾಟುತ್ತದೆ. ಎರಡು ಪದರ ಇದ್ದರೆ ಕಡಿಮೆ, ಮೂರಾದರೆ ಇನ್ನೂ ಕಡಿಮೆ. ಅತಿ ಹಿಂದಿನ ಬೆಟ್ಟದ ನೆತ್ತಿಯಲ್ಲಿ ಒಂದೇ ಪದರ, ಆದ್ದರಿಂದ ಅದು ತೆಳುವಾಗಿ ಕಾಣುತ್ತದೆ. ಮುಂದಿನ ಬೆಟ್ಟದ ಹಿಂದೆ ಎಲ್ಲ ಪದರಗಳೂ ಇರುತ್ತವೆ, ಆದ್ದರಿಂದ ಅದು ಕಪ್ಪಗೆ ಕಾಣುತ್ತದೆ. ಹೀಗಾಗಿ ಬೆಟ್ಟ ಕತ್ತರಿಸುವಾಗ ಮೇಲಿನ ಗೆರೆ ಮಾತ್ರ ಕತ್ತರಿಸಿ, ಕಾಗದ ಕಿಟಕಿಯ ತಳದವರೆಗೂ ಹಾಗೇ ಇರಲಿ. ಮೊದಲು ಕಾಗದವನ್ನು ನಾಲ್ಕು ಪದರ ಮಡಚಿ ಮೊಬೈಲ್ ಟಾರ್ಚ್‌ಗೆ ಹಿಡಿದು ನೋಡಿ. ಮಂದವಾಗಿಯಾದರೂ ಬೆಳಕು ಬಂದರೆ ಸರಿ, ಪೂರ್ತಿ ಕತ್ತಲಾದರೆ ಇನ್ನೂ ತೆಳುವಾದ ಕಾಗದ ಬೇಕು.

ಕಿಟಕಿಯ ಎತ್ತರ ಸುಮಾರು 16 ಸೆಂಟಿಮೀಟರ್ ಬಂದಿರುತ್ತದೆ. ಅದರಲ್ಲಿ ಅತಿ ಹಿಂದಿನ ಬೆಟ್ಟದ ನೆತ್ತಿ 11 ಸೆಂಟಿಮೀಟರ್‌ಗೆ, ಅದರ ಮುಂದಿನದು 8ಕ್ಕೆ, ಮೂರನೆಯದು ಐದೂವರೆಗೆ ಬರಲಿ. ಯಾವ ಬೆಟ್ಟ ಅಂತ ಕೇಳಿದರೆ ನಿಮ್ಮ ಮನೆ ಅಂಗಳದಿಂದ ಕಾಣುವುದೇ ಆಗಲಿ. ಮೊಬೈಲ್‌ನಲ್ಲಿ ಫೋಟೋ ತೆಗೆದು, ಪರದೆಯ ಮೇಲೆ ಬಟರ್ ಪೇಪರ್ ಇಟ್ಟು ನೆತ್ತಿಯ ಗೆರೆ ಎಳೆದುಕೊಂಡು, ಆಮೇಲೆ ಅದನ್ನು ದೊಡ್ಡದು ಮಾಡಿ. ಕಕ್ಕಬ್ಬೆ ಕಡೆಯವರಿಗೆ ತಡಿಯಂಡಮೋಳ್ ಇದೆ, 1748 ಮೀಟರ್ ಎತ್ತರದ ಅದು ಜಿಲ್ಲೆಯ ಅತಿ ಎತ್ತರದ ಬೆಟ್ಟ. ಸೋಮವಾರಪೇಟೆ ಕಡೆಯವರಿಗೆ 1712 ಮೀಟರ್‌ನ ಪುಷ್ಪಗಿರಿ. ನಮ್ಮ ಬೆಟ್ಟಗಳ ಮೈ ಹೆಚ್ಚಾಗಿ ದುಂಡಗೆ ಇಳಿಯುತ್ತದೆ. ತ್ರಿಕೋನದಂತೆ ಚೂಪಾಗಿ ಕತ್ತರಿಸಿದರೆ ಅದು ಹಿಮಾಲಯವಾಗುತ್ತದೆ, ಕೊಡಗು ಆಗುವುದಿಲ್ಲ.

ನಾಲ್ಕನೆಯ, ಎಲ್ಲಕ್ಕಿಂತ ಮುಂದಿನ ಪದರ ತೆಳು ರಟ್ಟಿನದು. ಇದರಲ್ಲಿ ಬೆಳಕು ದಾಟುವುದೇ ಇಲ್ಲ, ಆಕಾರ ಮಾತ್ರ ಕಪ್ಪಗೆ ಕಾಣುತ್ತದೆ. ಅಗಲ ಸಾಲದಿದ್ದರೆ ಎರಡು ತುಂಡು ಜೋಡಿಸಿ. 3 ಸೆಂಟಿಮೀಟರ್ ಎತ್ತರದ ನೆಲ ಬಿಟ್ಟು, ಅದರಿಂದ ಮೇಲಕ್ಕೆ ಎರಡು ಮೂರು ಸಿಲ್ವರ್ ಓಕ್ ಮರ ಕತ್ತರಿಸಿ. ಕಾಂಡ ನೆಟ್ಟಗಿರಲಿ. ಮೆಣಸಿನ ಬಳ್ಳಿ ಹಬ್ಬಿದ ಕಾಂಡ ಬುಡದಿಂದ ಮುಕ್ಕಾಲು ಭಾಗದವರೆಗೆ ದಪ್ಪಗಿದ್ದು, ಮೇಲೆ ಇದ್ದಕ್ಕಿದ್ದಂತೆ ತೆಳ್ಳಗಾಗುತ್ತದೆ, ಗಮನಿಸಿದ್ದೀರಾ? ಅಷ್ಟನ್ನು ತಂದರೆ ಸಾಕು, ನೋಡಿದವರಿಗೆ ಇದು ಕಾಫಿ ತೋಟ ಅಂತ ತಾನೇ ಗೊತ್ತಾಗುತ್ತದೆ. ಕೈ ಪಳಗಿದವರು ಒಂದು ಮೂಲೆಯಲ್ಲಿ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಮಾಡು ಕತ್ತರಿಸಿ ಸೇರಿಸಬಹುದು. ರಟ್ಟಿನ ಅಚ್ಚಾದ ಮುಖ ಒಳಗಿರಲಿ, ಬೂದು ಮುಖ ಹೊರಗಿರಲಿ.

ಜೋಡಿಸುವ ಕ್ರಮ ಹೀಗೆ. ಡಬ್ಬದ ಒಳಗಿನಿಂದ, ಕಿಟಕಿಗೆ ತಾಗಿದಂತೆ ಮೊದಲು ಮರಗಳ ರಟ್ಟು. ಅದರ ಹಿಂದೆ ನಾಲ್ಕೂ ಕಡೆ 1 ಸೆಂಟಿಮೀಟರ್ ಅಗಲದ ಕಾರ್ಟನ್ ಪಟ್ಟಿ ಅಂಟಿಸಿ. ಅದರ ಮೇಲೆ ಮೂರನೆಯ ಬೆಟ್ಟ. ಮತ್ತೆ ಪಟ್ಟಿ, ಎರಡನೆಯ ಬೆಟ್ಟ, ಮತ್ತೆ ಪಟ್ಟಿ, ಹಿಂದಿನ ಬೆಟ್ಟ. ಕಾಗದವನ್ನು ಬಿಗಿಯಾಗಿ ಎಳೆದು ಅಂಟಿಸಿ. ಸಡಿಲ ಬಿಟ್ಟರೆ ತೇವಕ್ಕೆ ಅಲೆ ಏಳುತ್ತದೆ.

ಮಂಜು ಬೇಕಾದರೆ ಒಂದು ಹೆಚ್ಚಿನ ಪದರ ಸೇರಿಸಿ. ಮೂರನೆಯ ಮತ್ತು ಎರಡನೆಯ ಬೆಟ್ಟದ ನಡುವೆ ಏನೂ ಕತ್ತರಿಸದ ಇಡೀ ತೆಳು ಕಾಗದ ಒಂದನ್ನು ಅಂಟಿಸಿ. ಅದರ ಹಿಂದಿನ ಎರಡು ಬೆಟ್ಟಗಳ ಗೆರೆ ಮಸುಕಾಗುತ್ತದೆ, ಮುಂದಿನದು ಸ್ಪಷ್ಟವಾಗಿ ಉಳಿಯುತ್ತದೆ. ಪಟ್ಟಿ ಎರಡರಷ್ಟು ದಪ್ಪ ಮಾಡಿದರೆ ಮಸುಕು ಜಾಸ್ತಿ. ನನಗೆ ಇದು ಇಲ್ಲದ ದೀಪ ಇಷ್ಟವಾಗುವುದಿಲ್ಲ, ಬೆಳಕು ಸ್ವಲ್ಪ ಕಡಿಮೆಯಾದರೂ ಇದನ್ನು ಬಿಡಬೇಡಿ.

ಸಂಜೆ ಆಕಾಶದ ಬಣ್ಣ ಬೇಕು ಅನ್ನುವವರು ಹಣ್ಣಿನ ಬುಟ್ಟಿಗೆ ಸುತ್ತಿದ ಹಳದಿ ಅಥವಾ ಕಿತ್ತಳೆ ಜಿಲೇಟಿನ್ ಪೇಪರನ್ನು ಎಲ್ಲಕ್ಕಿಂತ ಹಿಂದೆ ಹಾಕಬಹುದು. ಅದಕ್ಕಿಂತ ಚಂದ, ಬಿಳಿ ತೆಳು ಕಾಗದವನ್ನು ಸಕ್ಕರೆ ಹಾಕದ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ನೆರಳಲ್ಲಿ ಒಣಗಿಸುವುದು. ಕಂದು ಬಣ್ಣ ಸಮನಾಗಿ ಹಿಡಿಯದೆ ಮೋಡದಂತೆ ಅಲ್ಲಲ್ಲಿ ನಿಲ್ಲುತ್ತದೆ. ಬಟರ್ ಪೇಪರ್ ಅಷ್ಟಾಗಿ ನೀರು ಹೀರುವುದಿಲ್ಲ, ಅದರಲ್ಲಿ ಇದು ಸರಿಯಾಗಿ ಆಗುವುದಿಲ್ಲ.

ಕೊನೆಗೆ ಫೋಮ್ ಹಾಳೆ. ಇದು ಬಲ್ಬಿನ ಚುಕ್ಕಿಗಳನ್ನು ಮರೆಮಾಡಿ ಬೆಳಕನ್ನು ಹರಡುತ್ತದೆ. ಹಿಂದಿನ ಬೆಟ್ಟದ ಪಟ್ಟಿಗೆ ಇದನ್ನು ಟೇಪ್ ಮಾಡಿ. ಬಲ್ಬಿಗೂ ಫೋಮಿಗೂ ನಡುವಿನ ದೂರ, ಬಲ್ಬಿನಿಂದ ಬಲ್ಬಿಗಿರುವ ದೂರಕ್ಕಿಂತ ಕಡಿಮೆ ಇರಬಾರದು. ಡಬ್ಬ 12 ಸೆಂಟಿಮೀಟರ್ ಆಳವಿದ್ದರೆ 8-9 ಸೆಂಟಿಮೀಟರ್ ಜಾಗ ತಾನಾಗಿಯೇ ಸಿಗುತ್ತದೆ. ಆಗಲೂ ಚುಕ್ಕಿ ಕಂಡರೆ ಫೋಮ್ ಎರಡು ಪದರ ಮಾಡಿ.

ಹೊರಗಿನ ಗೋಣಿ

ಕಾಫಿ ಗೋಣಿಯನ್ನು ಸೋಪಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಕತ್ತರಿಸುವ ಗೆರೆಯ ಮೇಲೆ ಮೊದಲೇ ಅಂಟು ಸವರಿ, ಒಣಗಿದ ಮೇಲೆ ಕತ್ತರಿಸಿದರೆ ನೂಲು ಬಿಚ್ಚಿಕೊಳ್ಳುವುದಿಲ್ಲ. ಡಬ್ಬದ ನಾಲ್ಕು ಪಕ್ಕಕ್ಕೂ ಮುಖದ ಅಂಚಿಗೂ ಅಂಟಿಸಿ. ಮುಚ್ಚಳಕ್ಕೆ ಬೇಡ, ಅದು ತೆಗೆದು ಹಾಕಲು ಸಲೀಸಾಗಿರಬೇಕು. ಗೋಣಿ ಸಿಗದಿದ್ದರೆ ಹಳೆ ಹತ್ತಿ ಸೀರೆಯ ಅಂಚು ಕೂಡ ಒಪ್ಪುತ್ತದೆ.

ಹಚ್ಚಿ ನೋಡುವುದು, ಇಡುವ ಜಾಗ

ಮೊದಲ ಸಲ ಹಚ್ಚಿದಾಗ ಎರಡು ಗಂಟೆ ಎದುರಿಗೇ ಇರಿ. ಆಮೇಲೆ ಮುಚ್ಚಳ ತೆಗೆದು ಬಲ್ಬು, ಟೇಪು, ವೈರು ಹೊರಬರುವ ಜಾಗ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಎಲ್ಲಿಯಾದರೂ ಬಿಸಿ ಅನಿಸಿದರೆ ಆ ಸರ ಬಿಟ್ಟು ಬೇರೆ ಹಾಕಿ. ಚಾರ್ಜರ್ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇರುವುದೇ ಆಗಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೊತ್ತಲ್ಲಿ ಪ್ಲಗ್ ಕಿತ್ತು ಪವರ್ ಬ್ಯಾಂಕ್‌ಗೆ ಹಾಕಿಬಿಡಿ.

ಹೊರಗೋಡೆಗೆ ಒರಗಿಸಿ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆ ಬೆವರುತ್ತಲೇ ಇರುತ್ತದೆ. ಒಳಗೋಡೆಯ ಪಕ್ಕ, ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ, ಮರದ ಹಲಗೆಯ ಮೇಲೆ ಇಡಿ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಕೂಡಿಟ್ಟು, ಮುಚ್ಚಳದ ಒಳಮೂಲೆಗೆ ಎರಡು ಟೇಪ್ ಮಾಡಿ. ಮಳೆಗಾಲದಲ್ಲಿ ಅವು ಬೇಗ ತುಂಬಿಹೋಗುತ್ತವೆ. ಬಿಸಿಲು ಬಂದ ದಿನ ಹೊರಗಿಟ್ಟರೆ ಸ್ವಲ್ಪ ಮಟ್ಟಿಗೆ ಮತ್ತೆ ಕೆಲಸಕ್ಕೆ ಬರುತ್ತವೆ.

ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಕೊನೆಯ ಬಿಸಿಲಿಗೆ, ಮುಚ್ಚಳ ತೆಗೆದು ಅರ್ಧ ದಿನ ಒಣಗಿಸಿ. ಒಣ ಬ್ರಷ್‌ನಿಂದ ಧೂಳು ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಫೋಮ್ ಹಳದಿಯಾಗಿದ್ದರೆ ಅಥವಾ ಹಿಂದಿನ ಬೆಟ್ಟಕ್ಕೆ ಚುಕ್ಕಿ ಬಂದಿದ್ದರೆ ಆ ಒಂದು ಪದರ ಕಿತ್ತು ಹೊಸದು ಅಂಟಿಸಿ. ಸರ ಕೆಟ್ಟರೆ ಮುಚ್ಚಳದಿಂದ ಬಿಡಿಸಿ, ಒಲೆಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಹೊಸ ಸರವನ್ನು ಅದೇ ಬೆಳ್ಳಿ ಹಾಳೆಯ ಮೇಲೆ ಹಾಯಿಸಬಹುದು, ಡಬ್ಬ ಬದಲಿಸಬೇಕಾಗಿಲ್ಲ.